ಕರಡಿ ತೋರಿಸುತ್ತೇನೆಂದು ಮಾತು ಕೊಟ್ಟು

ಕಾಡು ನೋಡಲು ಹೋಗುವುದೆಂದರೆ ಏನು ಮಹಾ? ಪಾಸು ತೆಗೆಸಬೇಕು, ಬುತ್ತಿ ಕಟ್ಟಬೇಕು, ಗಾಡಿ ಹತ್ತಬೇಕು. ಇಷ್ಟೇ ತಾನೇ ಎಂದು ನಾನು ನಂಬಿದ್ದ ಕಾಲವೊಂದಿತ್ತು.

ಎಲ್ಲಕ್ಕೂ ಮೂಲ ದಾವಣಗೆರೆಯ ನಮ್ಮ ಷಡ್ಡಕರು, ಅಂದರೆ ನನ್ನ ಹೆಂಡತಿ ಗಿರಿಜಾಳ ಅಕ್ಕನ ಗಂಡ. ನಾವು ಹೋದಾಗಲೆಲ್ಲ ಊರು ಸುತ್ತಿಸಿ, ಬೆಣ್ಣೆ ದೋಸೆ ತಿನ್ನಿಸಿ, ಕೊನೆಗೊಂದು ಮಾತು ಅನ್ನುತ್ತಿದ್ದರು: "ನಿಮ್ ಕೊಟ್ಟೂರಾಗೆ ಗುಡಿ ಒಂದು ಬಿಟ್ರೆ ತೋರ್ಸಕ್ಕೆ ಇನ್ನೇನೈತಪ್ಪಾ?" ಒಮ್ಮೆ ನನಗೂ ರೋಷ ಉಕ್ಕಿತು. "ನಮ್ಮ ಕಡಿ ಕರಡಿ ಅದಾವ್ರಿ! ಈ ಸಲ ಬರ್ರಿ, ಕಣ್ತುಂಬ ತೋರಸ್ತೀನಿ" ಎಂದುಬಿಟ್ಟೆ. ಕರಡಿ ಧಾಮ ಇದ್ದದ್ದು ದೂರ, ಹೊಸಪೇಟೆಯ ಆಚೆ. ನಾನು ಜನ್ಮದಲ್ಲಿ ಕರಡಿ ನೋಡಿದವನೂ ಅಲ್ಲ.

ಮನೆಗೆ ಬಂದ ಮೇಲೆ ಗಿರಿಜಾ ಕೇಳಿದಳು: "ಕರಡಿ ನಿಮ್ಮ ಮಾತು ಕೇಳ್ತಾವೇನ್ರಿ? ಅವು ಬರ್ಲಿಲ್ಲಂದ್ರ ನಮ್ಮಕ್ಕನ ಮುಂದ ನಾ ಹೆಂಗ ಮುಖ ಎತ್ಲಿ?"

"ಪಾಸ್ ತಗೊಂಡ ಮ್ಯಾಲೆ ಬರ್ಲೇಬೇಕಲ್ಲ!" ಎಂದೆ.

ಪಾಸಿಗೆಂದು ಅರಣ್ಯ ಇಲಾಖೆಯ ಕಚೇರಿಗೆ ಮೊದಲ ಸಲ ಹೋದಾಗ ರಜೆ. ಎರಡನೆಯ ಸಲ ಹೋದಾಗ ಸಾಹೇಬರು ಕಾಡಿಗೆ ಹೋಗಿದ್ದರು. ಮೂರನೆಯ ಸಲ ಸಾಹೇಬರಿದ್ದರು, ನನ್ನ ಅರ್ಜಿ ಮನೆಯಲ್ಲಿತ್ತು! ಅಂತೂ ಆರು ಮಂದಿಗೆ ಪಾಸು ಸಿಕ್ಕಿತು. ಷಡ್ಡಕರ ಮನೆಯ ನಾಲ್ವರು, ಗಿರಿಜಾ, ನಾನು. ಅದನ್ನು ಜೇಬಿನಲ್ಲಿಟ್ಟುಕೊಂಡು ಎದೆಯುಬ್ಬಿಸಿ ಓಣಿಯಲ್ಲಿ ನಡೆದು ಬಂದೆ. ಎಡವಿದ್ದು ಅಲ್ಲೇ.

ನಮ್ಮ ಕಡೆ ಯಾರಾದರೂ "ಎಲ್ಲಿಗೆ ಹೊಂಟೀರಿ?" ಎಂದರೆ ಬರೀ ಊರಿನ ಹೆಸರು ಹೇಳಿ ಸುಮ್ಮನಾಗುವಂತಿಲ್ಲ. "ನೀವೂ ಬರ್ರಿ" ಅನ್ನಬೇಕು. ಅವರು "ಇರ್ಲಿ, ನೀವು ಹೋಗಿ ಬರ್ರಿ" ಅನ್ನಬೇಕು. ಅಲ್ಲಿಗೆ ಉಪಚಾರ ಮುಗಿಯಿತು. ನನ್ನ ಪಾಲಿನ ಮಾತನ್ನು ನಾನು ಓಣಿಗೆಲ್ಲ ಹೇಳಿದೆ. ಕೆಲವರು ತಮ್ಮ ಪಾಲಿನದನ್ನು ಮರೆತರು!

ಹೊರಡುವ ಬೆಳಗ್ಗೆ, ಹಿಂದಿನ ರಾತ್ರಿಯೇ ಬಂದಿಳಿದಿದ್ದ ಷಡ್ಡಕರ ಮನೆಯವರೊಡನೆ ಹೊರಬಂದು ನೋಡಿದರೆ ಬಾಡಿಗೆ ಟೆಂಪೋದ ಬಳಿ ಎದುರುಮನೆಯ ಬಸಣ್ಣ ಸಂಸಾರ ಸಮೇತ ನಿಂತಿದ್ದ. ಪಕ್ಕದ ಮನೆಯ ಕೊಟ್ರಮ್ಮಜ್ಜಿ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ರೊಟ್ಟಿಯ ಗಂಟು.

"ಬರ್ರಿ ಅಂದ ಬಾಯಾಗ ಈಗ ಹೊಳ್ಳಿ ಹೋಗ್ರಿ ಅಂತೀರೇನು?" ಎಂದು ಗಿರಿಜಾ ಪಿಸುಗುಟ್ಟಿದಳು. ಅನ್ನಲಾಗಲಿಲ್ಲ. ಎಲ್ಲರೂ ಒತ್ತರಿಸಿಕೊಂಡು ಕೂತೆವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಲುಪಿದ ಧಾಮದ ಗೇಟಿನಲ್ಲಿ ಗಾರ್ಡು ಪಾಸು ನೋಡಿದ, ಟೆಂಪೋ ನೋಡಿದ, ಮತ್ತೆ ಪಾಸು ನೋಡಿದ. "ಇದ್ರಾಗ ಆರೇ ಮಂದಿ ಐತ್ರಿ. ಉಳಿದೋರು ಇಳೀರಿ."

ಬಸಣ್ಣನ ಸಂಸಾರ ಮುಖ ಗಂಟು ಹಾಕಿಕೊಂಡು ಇಳಿಯಿತು. ಕೊಟ್ರಮ್ಮಜ್ಜಿ ಅಲುಗಲಿಲ್ಲ. "ನಾ ಯಾಕ ಇಳೀಲೆಪ್ಪಾ? ಎಲ್ಲಾರಿಗಿಂತ ಮೊದ್ಲ ಕುಂತಾಕಿ ನಾ!"

ಇನ್ನೊಬ್ಬರು ಇಳಿಯಲೇಬೇಕಿತ್ತು. ಎಲ್ಲರೂ ನನ್ನತ್ತ ನೋಡಿದರು. ಅತಿಥಿ ಸತ್ಕಾರವೆಂಬ ಮಹಾನ್ ಆದರ್ಶವನ್ನು ಎತ್ತಿಹಿಡಿಯುತ್ತಾ ನಾನು ಇಳಿದೆ!

ಟೆಂಪೋ ಕಣ್ಮರೆಯಾದ ಮೇಲೆ ಚಿಂತೆ ಶುರುವಾಯಿತು. ಕರಡಿ ಬರದೇ ಹೋದರೆ? ಷಡ್ಡಕರು ಈ ಮಾತನ್ನು ಮೊಮ್ಮಕ್ಕಳ ಕಾಲದವರೆಗೂ ಆಡುತ್ತಾರೆ. ಬಸಣ್ಣ ಸಮಾಧಾನ ಹೇಳಿದ: "ಬರಾಂಗಿಲ್ಲ ಬಿಡ್ರಿ, ಅವೇನು ನಿಮ್ಮ ಬೀಗರೇನು? ನಮಗಂತೂ ಗೇಟ್ ತೋರಿಸಿದ್ರಿ. ಗೇಟ್ ಚಲೋ ಐತಿ."

ಇನ್ನು ಅವನ ಮುಖ ನೋಡುವುದು ಬೇಡವೆನಿಸಿತು. ಚಳಿಗಾಲದ ಸಂಜೆಗಾಳಿ ಬೇರೆ. ಊಟಕ್ಕೆ ಹಾಸಲು ತಂದಿದ್ದ ಕರಿ ಕಂಬಳಿಯನ್ನು ತಲೆತುಂಬ ಹೊದ್ದು ಬೇವಿನ ಮರದ ಬುಡದಲ್ಲಿ ಮುದುಡಿಕೊಂಡೆ. ಪಾಸಿಗಾಗಿ ಅಲೆದ ದಣಿವೆಲ್ಲ ಒಟ್ಟಿಗೆ ಬಂದು ನಿದ್ದೆ ಹತ್ತಿತು.

'ಚಕ್' ಎಂಬ ಸದ್ದಿಗೆ ಎಚ್ಚರವಾಯಿತು. ಷಡ್ಡಕರು ಕ್ಯಾಮೆರಾ ಹಿಡಿದು ನಿಂತಿದ್ದರು.

"ರೀಲಿನಾಗೆ ಒಂದು ಉಳಿದಿತ್ತು ನೋಡಪ್ಪಾ! ಬಂದ್ವು ಮಾರಾಯ, ಕರಡಿ ಬಂದ್ವು! ಬೆನ್ನ ಮೇಲೆ ಮರಿ ಹೊತ್ಕಂಡು ತಾಯಿನೇ ಬಂತು. ನೀ ಅಂದಂಗೆ ತೋರಿಸಿಬಿಟ್ಟೆ!"

ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಗಿರಿಜಾ ತನ್ನ ಅಕ್ಕನ ಪಕ್ಕದಲ್ಲಿ ತಲೆಯೆತ್ತಿ ನಿಂತಿದ್ದಳು. ಕರಡಿ ನಾನು ನೋಡದಿದ್ದರೇನು, ಅವಳ ಆ ಮುಖ ನೋಡಿದೆನಲ್ಲ, ಅಷ್ಟೇ ಸಾಕೆನಿಸಿತು.

"ಹೆಂಗಿತ್ತಬೇ ಅಜ್ಜಿ ಕರಡಿ?" ಎಂದು ಆಸೆಯಿಂದ ಕೇಳಿದೆ.

"ಹೆಂಗಿರ್ತೈತಿ? ನಮ್ಮ ತವರುಮನಿ ಗುಡೇಕೋಟ್ಯಾಗ ಇದ್ದಂಗ ಐತಿ," ಎಂದಳು ಕೊಟ್ರಮ್ಮಜ್ಜಿ. "ಸಣ್ಣಾಕಿ ಇದ್ದಾಗ ಸೀತಾಫಲದ ಗಿಡದಾಗ ಬೇಕಾದಷ್ಟು ನೋಡೀನಿ. ಇದಕ್ಕ ಇಷ್ಟು ದೂರ ಯಾಕ ಕರ್ಕೊಂಡು ಬಂದ್ಯೋ ತಮ್ಮಾ?"

ಮುಂದಿನ ಯುಗಾದಿಗೆ ದಾವಣಗೆರೆಗೆ ಹೋದಾಗ ಷಡ್ಡಕರು ಅಕ್ಕಪಕ್ಕದವರಿಗೆಲ್ಲ ಆಲ್ಬಂ ತೋರಿಸುತ್ತಿದ್ದರು. ದೂರದ ಬಂಡೆಯ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳಿದ್ದವು. ಅವೇ ಕರಡಿಗಳಂತೆ! ಕೊನೆಯ ಪುಟದಲ್ಲಿ ಮಾತ್ರ, ಮರದ ಬುಡದಲ್ಲಿ, ಕರ್ರಗೆ, ಒರಟು ಕೂದಲೆಲ್ಲ ಎದ್ದು ಕಾಣುವಂತೆ ದೊಡ್ಡದೊಂದು ಪ್ರಾಣಿ ಮುದುಡಿ ಮಲಗಿತ್ತು. ಪಕ್ಕದ ಮನೆಯ ಹೆಂಗಸು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ಅಬ್ಬಬ್ಬಾ, ಕರಡಿ ಅಂದ್ರೆ ಇದು ನೋಡ್ರಿ! ಎಷ್ಟು ಹತ್ರ ಮಲಗೈತಿ!"

ಷಡ್ಡಕರು ನನ್ನ ಮುಖ ನೋಡಿದರು. ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಆಲ್ಬಂ ಅನ್ನು ಆ ಹೆಂಗಸಿನತ್ತ ಇನ್ನಷ್ಟು ಸರಿಸಿದೆ. ಕಣ್ತುಂಬ ಕರಡಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ, ತೋರಿಸಿದ್ದೇನೆ!