ಸಾಹುಕಾರರ ಪಟಗ ಬೀಳಲಿಲ್ಲ

ಖಾಸಿಂಸಾಬನ ಕಾಲು ಗಿಡ್ಡ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಟಾಂಗಾ ಹೊಡೆಯುವಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಓಡುವುದು ಕುದುರೆಯ ಕಾಲು ತಾನೆ. ಆದರೆ ಇಳಕಲ್ಲಿನ ಸೀರೆ ವ್ಯಾಪಾರಿ ಗುರಲಿಂಗಪ್ಪ ಸಾಹುಕಾರರು ಯಾರೋ ಆನೆಗಾತ್ರದ ದೊರೆ ಬಳಸಿ ಬಿಟ್ಟ ಮೋಟಾರು ಕೊಂಡು ತಂದರು. ಊರಿಗೆಲ್ಲ ಅದೊಂದೇ ಮೋಟಾರು. ಅದಕ್ಕೆ ಖಾಸಿಂಸಾಬನೇ ಡ್ರೈವರ.

ಕ್ಲಚ್ಚು, ಬ್ರೇಕು ಎರಡೂ ದೊರೆಯ ಕಾಲಿಗೆ ತಕ್ಕಷ್ಟು ದೂರ. ಖಾಸಿಂಸಾಬ ಸೀಟಿನಿಂದ ಅರ್ಧ ಜಾರಿ, ಕತ್ತಲೆ ಬಾವಿಯಲ್ಲಿ ಮೆಟ್ಟಿಲು ಹುಡುಕುವವನ ಹಾಗೆ ತಡಕಾಡಬೇಕು. ಸಿಕ್ಕಿತೋ, ಒದ್ದೇಬಿಡುತ್ತಿದ್ದ. ಮೋಟಾರು ಗಕ್ಕನೆ ನಿಲ್ಲುತ್ತಿತ್ತು. ಹಿಂದೆ ಕೂತ ಸಾಹುಕಾರರ ತಲೆಯ ಮೇಲಿನ ಪಟಗ ಮಾತ್ರ ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. ಒಂದು ದಿನ ಸಂತೆಯಲ್ಲಿ ಹೀಗೆ ಹೊರಟದ್ದು ಬೋರವ್ವನ ಮೊಸರಿನ ಗಡಿಗೆಯಲ್ಲಿ ಇಳಿಯಿತು.

"ನಾಳಿ ಹುನಗುಂದಕ್ಕ ಮಗಳ ಸಂಬಂಧ ಗಟ್ಟಿ ಮಾಡಾಕ ಹೊಂಟೇನಿ," ಎಂದರು ಸಾಹುಕಾರರು, ಮೊಸರು ಒರೆಸಿಕೊಳ್ಳುತ್ತ. "ಬೀಗರ ಬಾಗಿಲದಾಗ ಪಟಗ ಬಿತ್ತಂದ್ರ ಮಾನ ಬಿದ್ದ್ಹಾಂಗ. ಆಮ್ಯಾಲ ನೀ ನಿನ್ನ ಟಾಂಗಾ ನೋಡ್ಕೋ."

"ಎಲ್ಲೈತ್ರಿ ಟಾಂಗಾ, ನೋಡ್ಕೊಳ್ಳಾಕ?" ಮರುದಿನ ಬೆಳಿಗ್ಗೆ ಹೆಂಡತಿ ಗುಲಾಬಬಿ ಕೇಳಿದಳು. "ಕುದರಿ ಸಹಿತ ಮಾರಿ ಡ್ರೈವರ ಕೋಟು ಹೊಲಿಸ್ಕೊಂಡ್ರಿ. ಪಾಪ ಆ ಕುದರಿ, 'ಹೋ' ಅಂದ್ರ ನಿಂದರತಿತ್ತು."

ಖಾಸಿಂಸಾಬ ಮೋಟಾರಿನ ಪಕ್ಕ ತಲೆಯ ಮೇಲೆ ಕೈಹೊತ್ತು ಕೂತ. ಪಕ್ಕದ ಮನೆಯ ನೇಕಾರ ದುರ್ಗಪ್ಪ ಮಗ್ಗದ ಕುಣಿಯಿಂದ ಎದ್ದು ಬಂದ. ಅವನ ಹಿಂದೆಯೇ ಬಸಯ್ಯನೂ ಬಂದ. ಬಸಯ್ಯನಿಗೆ ಕೆಲಸವಿಲ್ಲ, ಊರಿನವರ ಕೆಲಸವೇ ಅವನ ಕೆಲಸ.

"ಲೇ ಖಾಸೀಮ, ಕಾಲು ಉದ್ದ ಆಗ್ಲಿ ಅಂತ ಕುಂತರ ಮುದುಕ ಆಗ್ತಿ," ಎಂದ ದುರ್ಗಪ್ಪ. "ತುಳಿಯೋ ಹಲಗೀನ ಕಾಲಿನ ಹತ್ರ ತರಬೇಕು. ಮಗ್ಗದಾಗ ನಾವು ಹಂಗ ಮಾಡೋದು."

ಜಾಲಿ ಕಟ್ಟಿಗೆಯ ಎರಡು ತುಂಡು ತಂದು ಕ್ಲಚ್ಚು, ಬ್ರೇಕು ಎರಡರ ಮೇಲೂ ಬಿಗಿದ. ಖಾಸಿಂಸಾಬ ಕೂತು ನೋಡಿದರೆ, ಅವು ಮೆಟ್ಟಿದ ಕೆರವಿನ ಹಾಗೆ ಅಂಗಾಲಿಗೇ ಬಂದು ಕೂತಿದ್ದವು. ಓಣಿಯಲ್ಲಿ ಒಂದು ಸುತ್ತು ಹೊಡೆದ. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಗಿ, ಹಾಗೇ ನಿಂತಿತು. ಖಾಸಿಂಸಾಬ ಖುಷಿಯಿಂದ ಕೋಟು ಹಾಕಿಕೊಳ್ಳಲು ಒಳಗೆ ಓಡಿದ.

ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಸಯ್ಯ ಗದ್ದ ಕೆರೆದುಕೊಂಡ.

"ದುರ್ಗಪ್ಪ, ನಿನ್ನ ಮಗ್ಗದಾಗ ಒಂದು ತುಳಿದ್ರ ಇನ್ನೊಂದು ತಾನ ಏಳ್ತೈತಿ. ಇದರಾಗ ಯಾಕ ಏಳವೊಲ್ದು?"

ಅದನ್ನು ಕೇಳಿ ದುರ್ಗಪ್ಪನಿಗೆ ದೇವರು ಮೈಮೇಲೆ ಬಂದಂತಾಯಿತು. "ವಿಲಾಯತಿ ಮಂದಿ ಅರ್ಧಾ ಕೆಲಸ ಮಾಡಿ ಕಳಿಸ್ಯಾರ, ತಗೋ!" ಎಂದವನೇ ಒಂದು ಸಣ್ಣ ಗಾಲಿ ಸಿಕ್ಕಿಸಿ, ಹಗ್ಗ ಹಾಯಿಸಿ, ಎರಡನ್ನೂ ಜೋಡಿ ಮಾಡಿಬಿಟ್ಟ. ಸಾಹುಕಾರರು ಬಂದು ಕೂತಾಗ, "ಒಂದು ಸಣ್ಣ ಸುಧಾರಣಿ ಮಾಡೇನಿ," ಎಂದು ಖಾಸಿಂಸಾಬನ ಕಿವಿಯಲ್ಲಿ ಹೇಳಿದ. ಏನೆಂದು ಕೇಳಲು ಪುರುಸೊತ್ತಿರಲಿಲ್ಲ.

ದಾರಿಯುದ್ದಕ್ಕೂ ಏನೂ ತೊಂದರೆಯಾಗಲಿಲ್ಲ. ನಿಲ್ಲಿಸುವ ಪ್ರಸಂಗವೇ ಬರಲಿಲ್ಲವಲ್ಲ. ಹುನಗುಂದ ಬಂತು. ಹಣಮಪ್ಪನ ಗುಡಿಯ ಎದುರಿಗೆ ಬೀಗರ ಮನೆ, ಬಾಗಿಲಲ್ಲಿ ಕಾಲಿಗೆ ನೀರು ಹಿಡಿದು ನಿಂತ ಮಂದಿ. ಖಾಸಿಂಸಾಬ ರೂಢಿಯಂತೆ ಎರಡೂ ಕಾಲು ಊರಿದ. ತುಳಿಯುವ ಹಲಗೆ ಒಂದೂ ಇಳಿಯಲಿಲ್ಲ! ಒಂದು ಏರದೆ ಇನ್ನೊಂದು ಇಳಿಯುವಂತಿಲ್ಲ. ವಾರಗಿತ್ತಿಯರ ಹಾಗೆ 'ನೀ ಮೊದಲು ಏಳು, ನೀ ಮೊದಲು ಏಳು' ಎಂದು ಹಟ ಹಿಡಿದಿದ್ದವು.

ಎಡಗಾಲು ಎತ್ತಿ ಬ್ರೇಕೊಂದನ್ನೇ ತುಳಿಯಬಹುದಿತ್ತು. ಕ್ಲಚ್ಚು ಒತ್ತದೆ ತುಳಿದರೆ ಮೋಟಾರು ಗಕ್ಕನೆ ನಿಲ್ಲುತ್ತದೆ. ಪಟಗ ಹಾರಿ ನೇರ ಬೀಗರ ಕೊಡದಲ್ಲಿ ಬೀಳುತ್ತದೆ. ಎಣ್ಣೆ ತಗ್ಗಿಸಿದರೆ ಕೆಮ್ಮಿ ಕುಪ್ಪಳಿಸುತ್ತದೆ, ಅದೂ ಪಟಗಕ್ಕೆ ಕೇಡು. ಹೊರಗಿನ ಕೈಬ್ರೇಕು ದೊರೆಯ ಕಾಲದಲ್ಲೇ ಮುರಿದಿತ್ತು. ಖಾಸಿಂಸಾಬ ಅಲ್ಲಾನನ್ನು ನೆನೆದು ಗುಡಿಯ ಸುತ್ತ ಹೊರಳಿಸಿದ.

"ಏ, ನಿಂದ್ರಸೋ! ಮನಿ ದಾಟಿತು!" ಸಾಹುಕಾರರು ಚೀರಿದರು.

"ನಿಂದ್ರಸ್ತೇನ್ರಿ ಸಾವ್ಕಾರ್ರ... ಜಾಗಾ ಹುಡಕಾಕತ್ತೇನ್ರಿ!"

ಇನ್ನೊಂದು ಸುತ್ತಾಯಿತು. ಮತ್ತೊಂದಾಯಿತು. ಸಾಹುಕಾರರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಬೀಗರ ಹಿರಿಯರು ಕೈಮುಗಿದದ್ದು ಕಂಡಿತು.

"ಅಬಬಾ! ಮನಿ ಹೊಸ್ತಿಲ ತುಳಿಯೂಕಿಂತ ಮೊದಲ ನಮ್ಮ ಹಣಮಪ್ಪಗ ಪ್ರದಕ್ಷಿಣಿ! ಇಂಥಾ ಮನಿತನ ಎಲ್ಲಿ ಸಿಗ್ತೈತ್ರಿ?"

ಸಾಹುಕಾರರು ತೆರೆದ ಬಾಯಿಯನ್ನು ಮುಚ್ಚಿ, ಕೈ ಜೋಡಿಸಿ, ಕಣ್ಣನ್ನೂ ಮುಚ್ಚಿದರು. ಮುಂದಿನ ಸುತ್ತಿಗೆ ಗುಡಿಯ ಮಗ್ಗುಲಿನ ಮೇವಿನ ಬಣವಿ ಖಾಸಿಂಸಾಬನ ಕಣ್ಣಿಗೆ ಬಿತ್ತು. ಮೋಟಾರು ಹಾಲು ಕುಡಿಯುವ ಕರುವಿನ ಹಾಗೆ ಅದರೊಳಗೆ ಮೆತ್ತಗೆ ಮೂತಿಯಿಟ್ಟು ಸುಮ್ಮನಾಯಿತು. ಪಟಗ ಅಲುಗಲಿಲ್ಲ. ಮೇಲೊಂದು ಹುಲ್ಲುಕಡ್ಡಿ ತುರಾಯಿಯ ಹಾಗೆ ನಿಂತಿತ್ತು, ಅಷ್ಟೆ.

ಒಳಗೆ ಸಕ್ಕರೆ ಹಂಚಿ ಸಂಬಂಧ ಗಟ್ಟಿಯಾಯಿತು. ಹೊರಗೆ ಖಾಸಿಂಸಾಬ ಸೀಟಿನ ಕೆಳಗೆ ತಲೆ ತೂರಿಸಿ, ದುರ್ಗಪ್ಪನ ಕುಲವನ್ನೆಲ್ಲ ಸ್ಮರಿಸುತ್ತ ಹಗ್ಗ ಬಿಚ್ಚುತ್ತಿದ್ದ. ಹೋಳಿಗೆ ಉಂಡು ಬಂದ ಸಾಹುಕಾರರು ಅದನ್ನು ಕಂಡರು.

"ಏ, ಏ! ಏನ್ ಮಾಡಾಕತ್ತಿ? ಆ ದುರ್ಗಪ್ಪ ಏನೋ ಸುಧಾರಣಿ ಮಾಡೇನಿ ಅಂತ ನಿನ್ನ ಕಿವ್ಯಾಗ ಅಂದದ್ದು ನನಗೂ ಕೇಳಿಸ್ತು, ಖರೇನ ಶ್ಯಾಣ್ಯಾ ಅದಾನ. ಇವತ್ತ ಹೂವಿನ ಮ್ಯಾಲ ಕುಂತ್ಹಾಂಗ ಆಗಿತ್ತು! ಆ ಹಗ್ಗ ಮುಟ್ಟಬ್ಯಾಡ."

"ಆದ್ರ ಸಾವ್ಕಾರ್ರ, ಇದು..."

"ಬೀಗರು ಒಂದ ಮಾತು ಕೇಳ್ಯಾರ. ಲಗ್ನ ಬಾದಾಮ್ಯಾಗ. ಗಂಡು ಹೆಣ್ಣು, ಎರಡೂ ಮನಿ ಹಿರ್ಯಾರು, ಎಲ್ಲಾರನೂ ಇದ ಮೋಟಾರದಾಗ ನೀನ ಕರಕೊಂಡು ಹೋಗಬೇಕು. ಹಾದ್ಯಾಗ ಇರೋ ಗುಡಿಗೋಳಿಗೆಲ್ಲಾ ಹಿಂಗ ಪ್ರದಕ್ಷಿಣಿ ಹಾಕಿಸ್ಕೊಂತ."

ಬಾದಾಮಿಯ ಗುಡ್ಡದ ಇಳಿಜಾರು ಖಾಸಿಂಸಾಬನ ಕಣ್ಣ ಮುಂದೆ ಉರುಳಿತು. ಅವನು ಸಾಹುಕಾರರ ಕಾಲು ಹಿಡಿದ.

"ಸಾವ್ಕಾರ್ರ, ನಿಮ್ಮ ಕಾಲಿಗೆ ಬೀಳ್ತೇನ್ರಿ. ನನ್ನ ನೌಕರಿಯಿಂದ ತಗದ ಹಾಕ್ರಿ!"

"ಹುಚ್ಚಪ್ಯಾಲಿ! ಇಷ್ಟು ಚಂದ ಹೊಡಿಯಾವನ್ನ ಬಿಡಾಕ ನನಗೇನ ತಲಿ ಕೆಟ್ಟೈತಿ?" ಎಂದು ಸಾಹುಕಾರರು ನಕ್ಕು, ತುರಾಯಿ ಸಮೇತ ಹತ್ತಿ ಕೂತರು.

ಸಂಜೆ ಹೊಸ್ತಿಲಲ್ಲೇ ಕಾದಿದ್ದ ಗುಲಾಬಬಿ ಗಂಡನ ಮುಖ ನೋಡಿ ಎದೆ ಹಿಡಿದುಕೊಂಡಳು.

"ಪಟಗ ಬಿತ್ತೇನ್ರಿ?"

"ಇಲ್ಲ," ಎಂದ ಖಾಸಿಂಸಾಬ, ಕೋಟು ಕಳಚಿ ಅವಳ ಕೈಗೆ ಕೊಡುತ್ತ. "ಇದನ್ನ ತಗೊಂಡು ನಮ್ಮ ಕುದರಿ ತಿರುಗಿ ಕೊಡ್ತಾರೇನು, ಕೇಳಿ ಬಾ."