ಚಿಕ್ಕಪ್ಪನ ಆನೆಯ ಎಂಟು ಹೆಜ್ಜೆ

ಮೈಸೂರಿನಲ್ಲೇ ಅತಿ ನಿಧಾನದ ಮನುಷ್ಯ ನಮ್ಮ ಚಿಕ್ಕಪ್ಪ! ಒಂದು ಆನೆಯನ್ನು ಎಂಟು ಹೆಜ್ಜೆ ನಡೆಸಲು ಅವರಿಗೆ ಎರಡು ವರ್ಷ ಹಿಡಿಯಿತು.

ಅವರು ಪಠ್ಯಪುಸ್ತಕದ ಪ್ರಕಾಶನವೊಂದರಲ್ಲಿ ಚಿತ್ರ ಬರೆಯುತ್ತಿದ್ದರು. ನಾನು ಅಲ್ಲೇ ಕರಡು ತಿದ್ದುತ್ತಿದ್ದೆ. ಅರವತ್ತರ ದಶಕದ ಆರಂಭ. ಒಂದು ಭಾನುವಾರ ಅವರು, ಬರೆದ ಚಿತ್ರಗಳೇ ಓಡಾಡುವ ಜಪಾನಿ ಸಿನಿಮಾ ನೋಡಿಬಂದರು. ಕೆಟ್ಟೆವು! ಸೋಮವಾರವೇ ಯಜಮಾನರ ಮುಂದೆ ನಿಂತು, "ಜಪಾನಿನೋರು ಮಾಡ್ತಾರೆ, ನಾವ್ಯಾಕೆ ಮಾಡಬಾರದು ಸ್ವಾಮಿ? ಪುಸ್ತಕದ ಪ್ರಾಣಿಗಳನ್ನೆಲ್ಲ ನಡೆಸಿಬುಡೋಣ" ಎಂದರು. ಯಜಮಾನರಿಗೂ ಹುಚ್ಚು ಹತ್ತಿತು. ಪ್ರಕಾಶನದ ಒಡೆತನದಲ್ಲಿ ಚಲಿಸುವ ಚಿತ್ರಗಳ ಕಂಪನಿಯೊಂದು ಹುಟ್ಟಿತು. ಕಂಪನಿ ಎಂದರೇನು? ಗೋದಾಮಿನ ಹಿಂದಿನ ಕೋಣೆ, ಒಂದು ಬೋರ್ಡು, ಚಿಕ್ಕಪ್ಪ.

ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಬೇಕಂತೆ! ಚಿಕ್ಕಪ್ಪ ಅರಮನೆಯ ಆನೆಯ ಹಿಂದೆ ಬಗ್ಗಿಕೊಂಡು, ಅದರ ಕಾಲನ್ನೇ ನೋಡುತ್ತ ಹೋಗುತ್ತಿದ್ದರು.

"ಏನಾರ ಕಳ್ಕಂಡ್ರಾ ಬುದ್ಧಿ?" ಎಂದ ಮಾವುತ.

"ಹೆಜ್ಜೆ ಕಣಯ್ಯ. ಒಸಿ ಹಿಂದಕ್ಕೆ ನಡೆಸು, ಒಂದು ತಪ್ಪಿಹೋಯ್ತು!"

ಚಿಕ್ಕಮ್ಮ ಊಟಕ್ಕೆ ಕರೆದರೆ, "ಆನೆ ಕಾಲು ಗಾಳೀಲಿದೆ ಕಣೇ, ಹೆಂಗೆ ಬಿಟ್ಟು ಬರ್ಲಿ?" ಎನ್ನುತ್ತಿದ್ದರು. ಬರೆದದ್ದಕ್ಕಿಂತ ಹರಿದು ಹಾಕಿದ್ದೇ ಹೆಚ್ಚು.

ಅಂತೂ ಮದರಾಸಿನಲ್ಲಿ ಫಿಲಂ ಮಾಡಿಸಿ ತಂದು, ಗೋದಾಮಿನ ಗೋಡೆಗೆ ಪಂಚೆ ಕಟ್ಟಿ ತೋರಿಸಿದರು. ಆನೆ ಬಂತು, ಎಂಟು ಹೆಜ್ಜೆ ಹಾಕಿತು, ಹೋಯಿತು. ಯಜಮಾನರು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು!

"ಎಲ್ರೀ ಆನೆ?" ಎಂದರು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ನಗುವೇ ಎಲ್ಲಕ್ಕಿಂತ ಜೋರು.

ಮರುವಾರ ಬೋರ್ಡು ಇಳಿಯಿತು. ಒಳ್ಳೆಯ ಗಟ್ಟಿ ಕಾಗದವೆಂದು ಆ ಚಿತ್ರಗಳನ್ನೆಲ್ಲ ಪುಸ್ತಕದ ಕಟ್ಟುಗಳಿಗೆ ಸುತ್ತಿ ಇಲವಾಲ, ಹುಣಸೂರಿನ ಶಾಲೆಗಳಿಗೆ ಕಳಿಸಿದರು. "ಅಂತೂ ಆನೆ ಊರೂರು ಸುತ್ತಿತು ಬಿಡಿ!" ಎಂದು ಯಾರೋ ಹಾಸ್ಯ ಮಾಡಿದರು. ಯಜಮಾನರು ಒಂದನೇ ತರಗತಿಯ ಪುಸ್ತಕಕ್ಕೆ ಆನೆಯ ಚಿತ್ರ ಕೇಳಿದಾಗ ಚಿಕ್ಕಪ್ಪ, "ನಿಂತಿರೋ ಆನೆ ಬರೆಯೋದು ಇನ್ನು ನನ್ನ ಕೈಲಾಗಲ್ಲ ಸ್ವಾಮಿ" ಎಂದು ಪೆನ್ಸಿಲ್ ಇಟ್ಟು ಎದ್ದುಬಂದರು. ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ತಿಂಗಳುಗಳು ಹೋದವು. ಚಿಕ್ಕಮ್ಮ ಕರೆದು ಕರೆದು ಸೋತರು.

ಒಂದು ಮಧ್ಯಾಹ್ನ ನಾನು ಅವರ ಮಂಚದ ಪಕ್ಕ ಕುಳಿತು, ಯಾರಿಗೂ ಹೇಳದೇ ಇದ್ದದ್ದನ್ನು ಹೇಳಿದೆ: "ಚಿಕ್ಕಪ್ಪ, ಅವತ್ತು ನಿಮ್ಮ ಆನೆ ಕಾಲೆತ್ತಿದಾಗ ನಾನು ನನ್ನ ಕಾಲನ್ನ ಬೆಂಚಿನ ಕೆಳಗೆ ಎಳ್ಕೊಂಡೆ. ತುಳಿದುಬಿಡುತ್ತೇನೋ ಅಂತ."

ಆಮೇಲೆ ಗೋಡೆಯ ಕಡೆಯಿಂದ ದನಿ ಬಂತು.

"ಯಾವ ಕಾಲು ಎತ್ತಿದಾಗ?"

"ಮುಂದಿನ ಬಲಗಾಲು."

"ಹೂಂ... ಅದೊಂದಕ್ಕೇ ನಾಲ್ಕು ತಿಂಗಳು ಕೂತಿದ್ದೆ ಕಣಮ್ಮ."

ಅವರ ಬೆನ್ನು ಅಲುಗುತ್ತಿತ್ತು. ನಾನು ಅದರ ಮೇಲೆ ಕೈಯಿಟ್ಟು ಕುಳಿತೆ.