ನಾನು ಹೊಸ್ತಿಲು ಸಡಿಲಿಸಿದ್ದು

ಠಣ್, ಠಣ್, ಆಮೇಲೆ ಒಂದು ಸಣ್ಣ ಠಿಣ್. ಸಿಂಧನೂರಿನ ನಮ್ಮ ಹಳೆಯ ಮನೆಯ ಬಾಗಿಲಿನ ಕಬ್ಬಿಣದ ಚಿಲಕವನ್ನು ಖತೀಜಾ ಬಡಿಯುತ್ತಿದ್ದದ್ದು ಹಾಗೆ. ಮಧ್ಯಾಹ್ನ ನಾಲ್ಕಕ್ಕೆ ಆ ಸದ್ದು, ಹಿಂದೆಯೇ "ಶಾಂತಾ, ಅದೀಯಿಲ್ಲ ಬೇ?" ಎಂಬ ಕೂಗು, ಆಮೇಲೆ ನಾನು ಚಹಾಕ್ಕೆ ನೀರಿಡುವುದು. ಮೂರು ಮನೆ ಆಚೆಯಿಂದ ಅವಳು ನಲವತ್ತು ವರ್ಷ ಹೀಗೆ ಬಂದವಳು. ನಾನು ಮದುವೆಯಾಗದ ನಿವೃತ್ತ ಇಂಗ್ಲಿಷ್ ಟೀಚರು; ಊರೆಲ್ಲ ನನ್ನನ್ನು 'ಮೇಡಂ' ಎನ್ನುತ್ತದೆ. 'ಬೇ' ಎನ್ನುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ.

ಈಗ ನನ್ನ ಮನೆಗೆ ಬಾಗಿಲಿಲ್ಲ. ಇಲ್ಲ ಎಂದರೆ ತಪ್ಪಾದೀತು, ಇದೆ, ಕಾಣುವುದಿಲ್ಲ. ಇದು ನನ್ನ ತಂಗಿಯ ಮಗಳು ನೀತಾಳ ಕೈಚಳಕ. ಅವಳು ಆರ್ಕಿಟೆಕ್ಟ್. ಹಳೆ ಮನೆಯ ಮಾಳಿಗೆ ಸೋರುತ್ತಿತ್ತು, ಕಟ್ಟಿಕೊಡು ಎಂದೆ. ಅವಳು ಕಟ್ಟಲಿಲ್ಲ, 'ಮನೆ ಎಂದರೇನು' ಎಂದು ಮೊದಲಿನಿಂದ ಯೋಚಿಸಿದಳು. ಯೋಚನೆಯ ಫಲವಾಗಿ ರಸ್ತೆಗೆ ಎದುರಾಗಿ ಒಂದೇ ಒಂದು ಮಣ್ಣುಬಣ್ಣದ ಗೋಡೆ. ಅದರಲ್ಲೊಂದು ಭಾಗ ತಿರುಗುತ್ತದೆ. ಯಾವ ಭಾಗ ಎಂದು ಹೊರಗೆ ನಿಂತವರಿಗೆ ತಿಳಿಯದು, ಗೋಡೆಗೂ ನೀತಾಳಿಗೂ ಅಷ್ಟೇ ಗೊತ್ತು. ಒಳಗೆ ಬಂದರೆ ಮೂರು ತಿರುವಿನ ಓಣಿ. ಅದಕ್ಕೆ ಅವಳಿಟ್ಟ ಹೆಸರು 'ಅರೈವಲ್ ಜರ್ನಿ'. ಬಚ್ಚಲಿಂದ ಹಾಲಿಗೆ ಹೋಗುವುದೇ ನನ್ನ ಮೊಣಕಾಲಿಗೆ ಒಂದು ಜರ್ನಿ! ಯಾರಾದರೂ ಬಂದರೆ ನನ್ನ ಫೋನಿನಲ್ಲಿ ಗಂಟೆ ಹೊಡೆಯುತ್ತದಂತೆ. ಫೋನು ಎಲ್ಲಿದೆ ಎಂದು ಹೇಳುವ ಗಂಟೆಯನ್ನು ಮಾತ್ರ ಅವಳು ಇಡಲಿಲ್ಲ.

ಮೊದಲ ವಾರವೇ ಗ್ಯಾಸ್ ಸಿಲಿಂಡರಿನವನ ಫೋನು: "ಅಮ್ಮಾರ, ನಿಮ್ಮ ಮನಿ ಮುಂದ ನಿಂತೀನ್ರಿ. ಮನಿ ಇಲ್ರೀ!" ಹಾಲಿನವಳು ಹಾಲನ್ನು ಪಕ್ಕದ ಮನೆಗೆ ಕೊಟ್ಟು ಹೋದಳು. ಎದುರಿನ ಅಂಗಡಿಯವನು ಬಂದವರಿಗೆಲ್ಲ, "ಅದು ಮೇಡಮ್ಮಾರ ಮನಿರೀ, ಅಕ್ಕಿ ಗೋದಾಮಲ್ಲ" ಎಂದು ಹೇಳಿ ಸಾಕಾಗಿದ್ದಾನೆ. ಪತ್ರಿಕೆಗೆ ಫೋಟೋ ತೆಗೆಯಲು ಬಂದವನಂತೂ, "ಮೇಡಂ, ನೀವು ಸ್ವಲ್ಪ ಫ್ರೇಮಿಂದ ಆಚೆ ಹೋಗ್ತೀರಾ? ಮನೆ ಕ್ಲೀನಾಗಿ ಬರುತ್ತೆ" ಎಂದ.

"ಒಂದು ಚಿಲಕ ಹಾಕಿಸೇ" ಎಂದು ನೀತಾಳಿಗೆ ಹೇಳಿದೆ.

"ಫಸಾಡ್ ಹಾಳಾಗುತ್ತೆ ದೊಡ್ಡಮ್ಮ, ಮನೆ ಮುಂಭಾಗ ಪ್ಲೇನಾಗೇ ಇರ್ಬೇಕು. ಅಷ್ಟಕ್ಕೂ ಎಲ್ಲಾ ನಿಮ್ಮನ್ನ ಕೇಳೇ ಮಾಡಿದ್ದು." ಅವಳು ನಕ್ಷೆ ಬಿಚ್ಚಿದಳು. ಮೂಲೆಯಲ್ಲಿ ನನ್ನದೇ ಮುದ್ದಾದ ಕಾನ್ವೆಂಟ್ ಕರ್ಸಿವ್: ಅಪ್ರೂವ್ಡ್ ವಿತ್ ಲವ್.

ಈಗ ತಪ್ಪೊಪ್ಪಿಗೆ. ಅಂದು ಅವಳು ಫೋನಿನಲ್ಲಿ, "ದೊಡ್ಡಮ್ಮ, ಲೆಟ್ಸ್ ಲೂಸ್ ದಿ ಥ್ರೆಶೋಲ್ಡ್" ಎಂದಿದ್ದಳು. ಥ್ರೆಶೋಲ್ಡ್ ಎಂದರೆ ಹೊಸ್ತಿಲು; ಲೂಸಿಗೆ ಇಂಗ್ಲಿಷಿನಲ್ಲಿ ಒಂದು ಓ ಇದ್ದರೆ ಕಳೆದುಬಿಡುವುದು, ಎರಡು ಓ ಇದ್ದರೆ ಸಡಿಲ. ಅವಳು ಹೇಳಿದ್ದು ಒಂದು ಓ, ನನಗೆ ಕೇಳಿಸಿದ್ದು ಎರಡು. ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಊರೇ ತೇವವಾಗಿ ನಮ್ಮ ಬಾಗಿಲು ಉಬ್ಬಿ ಹೊಸ್ತಿಲಿಗೆ ಕಚ್ಚಿಕೊಳ್ಳುತ್ತಿತ್ತು. ಪುಣ್ಯಾತ್ಗಿತ್ತಿ, ಸಡಿಲ ಮಾಡುತ್ತಾಳೆ ಎಂದು ನಾನು, "ಓ ಯೆಸ್, ಇಟ್ ಈಸ್ ವೆರಿ ಟೈಟ್!" ಎಂದೆ; ನಕ್ಷೆ ಬಂದಾಗ ನೋಡದೆಯೇ ಒಪ್ಪಿಗೆ ಬರೆದೆ. ಆ ಎರಡು ಓಗಳ ಭೇದವನ್ನು ಮಕ್ಕಳಿಗೆ ಮೂವತ್ತು ವರ್ಷ ಕಲಿಸಿ, ತಪ್ಪಿದವರ ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದವಳು ನಾನು. ಕೆಲಸ ನಡೆದಾಗ ಮಸ್ಕಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. "ಹಳೀ ಬಾಗಲಾ ಏನ್ ಮಾಡ್ಲಿರೀ?" ಎಂದು ಮೇಸ್ತ್ರಿ ಫೋನು ಮಾಡಿದಾಗಲೂ, ಹೊಸದು ಬರುತ್ತದಲ್ಲ ಎಂದು, "ಖತೀಜಾಗ ಕೊಡಪಾ, ಆಡಿನ ಕೊಟಗಿಗೆ ಕೇಳ್ಯಾಳ" ಎಂದೆ.

ಮರಳಿ ಬಂದ ದಿನ ನಾಲ್ಕಕ್ಕೆ ಖತೀಜಾ ಬಂದಳು. ಹಾಲಿನ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಇಟ್ಟಿಗೆಯ ಜಾಲಿಯ ಕಿಂಡಿಯಿಂದ ನೋಡಿದೆ: ಗೋಡೆಯನ್ನು ಎರಡೂ ಕೈಯಿಂದ ಸವರುತ್ತಿದ್ದಳು. "ಶಾಂತಾ, ಚಿಲಕಾ ಎಲ್ಲಿಟ್ಟೀ ಬೇ? ಏನ್ ಬಡೀಲಿ? ಗ್ವಾಡೀಗೆ ತೆಲಿ ಬಡೀಲೇನು?" ನಾನು ಮೂರು ತಿರುವು ದಾಟಿ ಹೋಗಿ ತೆರೆದೆ. ಮರುದಿನವೂ ಹಾಗೇ. ಮೂರನೆಯ ದಿನ, "ನೀ ಹೊರಗ ಬಂದು ಕುಂದ್ರು, ಇಲ್ಲೇ ಮಾತಾಡೂಣು" ಎಂದಳು. ಕೂರಲು ಕಟ್ಟೆಯೂ ಇರಲಿಲ್ಲ. ಅದು ಈಗ ಕಲ್ಲು, ಹುಲ್ಲು ಹಾಕಿದ ಲ್ಯಾಂಡ್‌ಸ್ಕೇಪ್. "ದವಾಖಾನಿ ಮುಂದ ನಿಂತಂಗಾತು ಬೇ" ಎಂದು ಹೋದಳು. ಆಮೇಲೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ನಾಲ್ಕರ ಚಹಾ ಒಬ್ಬಳೇ ಕುಡಿದರೆ ಬಿಸಿನೀರಿನ ರುಚಿ. ಮೇಸ್ತ್ರಿಯನ್ನು ಕರೆಸಿ ಬಾಗಿಲು ವಾಪಸು ಹಾಕಿಸಬೇಕೆಂದು ಮನಸ್ಸಿನಲ್ಲಿತ್ತು. ಆದರೆ ನೀತಾಳಿಗೆ ಆ ಎರಡು ಓಗಳ ವಿಷಯ ಹೇಳಬೇಕಾಗುತ್ತಿತ್ತು. ಮುಂದೂಡಿದೆ.

ಒಂದು ಮುಂಜಾನೆ ಹೊರಗೆ ಗಾಡಿ ನಿಂತ ಸದ್ದು. "ಶಾಂತಾ! ಲಿಂಗಸುಗೂರಿಗೆ ಹೊಂಟೀನಿ, ಮಗಳ ಮನ್ಯಾಗ ಇರಾಕ. ಜಲ್ದಿ ಬಾ ಬೇ, ಡ್ರೈವರ್ ಬೈಯಾಕತ್ಯಾನ!" ಕಿಂಡಿಯಲ್ಲಿ ಅವಳ ಮೂಗುತಿ, ಅರ್ಧ ಬಾಯಿ ಕಂಡವು. "ಬಂದೆ, ಬಂದೆ!" ಎಂದು ಹೊರಟೆ. ಮೊದಲ ತಿರುವು, ಎರಡನೆಯದು. ಮೂರನೆಯದರಲ್ಲಿ ಮೊಣಕಾಲು ಹಿಡಿದು ನಿಂತೆ.

ಗೋಡೆ ತಿರುಗಿಸಿ ಹೊರಬಿದ್ದಾಗ ಗೂಡ್ಸ್ ಆಟೋ ಮಸ್ಕಿ ರಸ್ತೆಯ ತಿರುವಿನಲ್ಲಿತ್ತು. ಗಂಟುಗಳ ಮೇಲೆ ಹಗ್ಗ ಬಿಗಿದು ಮಲಗಿಸಿದ್ದು, ಆಡಿನ ಕೊಟ್ಟಿಗೆಯಿಂದ ಬಿಚ್ಚಿದ ನನ್ನ ಬಾಗಿಲು, ಚಿಲಕದ ಸಮೇತ. ಮುಂದಿನ ಸೀಟಿನಿಂದ ಹಸಿರು ಬಳೆಯ ಒಂದು ಕೈ ಬೀಸುತ್ತಿತ್ತು. ಗಾಡಿ ರಸ್ತೆಯ ಹಂಪು ಹತ್ತಿ ಇಳಿಯಿತು: ಠಣ್, ಠಣ್, ಆಮೇಲೆ ಒಂದು ಸಣ್ಣ ಠಿಣ್. ಖತೀಜಾಳನ್ನು ಕೊನೆಯ ಸಲ ನೋಡಿದ್ದು ಆಗಲೇ. ಅಭ್ಯಾಸಬಲದಿಂದ ಚಹಾಕ್ಕೆ ನೀರಿಡಲು ತಿರುಗಿದೆ. ಗೋಡೆ ಮುಚ್ಚಿಕೊಂಡಿತ್ತು, ಫೋನು ಒಳಗಿತ್ತು. ನಾನು ಎರಡೂ ಕೈಯಿಂದ ಗೋಡೆ ಸವರುತ್ತ ನಿಂತೆ.